ಆಜ್ಞೆಯಲ್ಲ, ಅರಿಕೆ

ಒಬ್ಬರಿಗಾಗಿ ಮತ್ತೊಬ್ಬರ ಮುಂದೆ ಬಾಯಿ ತೆರೆಯುವುದು ಲೋಕವ್ಯವಹಾರದ ಕಷ್ಟದ ಕೆಲಸಗಳಲ್ಲೊಂದು. ತನಗಾಗಿ ಬೇಡುವವನು ತನ್ನೊಬ್ಬನ ಸಂಕೋಚವನ್ನು ಬಿಟ್ಟರೆ ಸಾಕು. ಪರರಿಗಾಗಿ ಬೇಡುವವನು ಮೂವರ ಮಾನವನ್ನು ಒಟ್ಟಿಗೆ ಕಾಯಬೇಕು. ಕೊಡತಕ್ಕವನ ಮನಸ್ಸು ನೋಯಬಾರದು. ಯಾರ ಪರವಾಗಿ ಮಾತೋ ಅವನು ಹಗುರವಾಗಬಾರದು. ಹೇಳಿದವನ ಮಾತೂ ಕೆಳಕ್ಕೆ ಬೀಳಬಾರದು. ಒಂದು ಮಾತು ಹೆಚ್ಚಾದರೆ ಅದು ಒತ್ತಾಯ. ಒಂದು ಮಾತು ಕಡಿಮೆಯಾದರೆ ಬರಿಯ ಉಪಚಾರ. ಶಿಫಾರಸು ಪತ್ರ ಬರೆದು ರೂಢಿಯಿರುವ ಹಿರಿಯರಿಗೆಲ್ಲ ಈ ಇಕ್ಕಟ್ಟು ಗೊತ್ತಿರುವುದೇ.

ಸುಮಾರು ೧೯೫೦ ವರ್ಷಗಳ ಹಿಂದೆ ಒಬ್ಬ ವೃದ್ಧನು ಸೆರೆಯಲ್ಲಿದ್ದುಕೊಂಡು ಇಂಥದೊಂದು ಕಾಗದವನ್ನು ಬರೆದನು. ಬರೆದವನು ಕ್ರೈಸ್ತಧರ್ಮದ ಆದಿಕಾಲದ ಮಹಾಪ್ರಚಾರಕನಾದ ಪೌಲ. ಪಡೆದವನು ಫಿಲೆಮೋನನೆಂಬ ಅನುಕೂಲಸ್ಥ ಗೃಹಸ್ಥ. ಯಾರ ಸಲುವಾಗಿ ಬರೆದದ್ದೋ ಅವನು ಆ ಗೃಹಸ್ಥನ ಗುಲಾಮ, ಒನೇಸಿಮ. ಗ್ರೀಕ್ ಮೂಲದಲ್ಲಿ ಈ ಕಾಗದವೆಲ್ಲ ಸೇರಿ ೩೩೫ ಪದಗಳು. ಬೈಬಲಿನ ಲೆಕ್ಕದಲ್ಲಿ ೨೫ ವಚನಗಳು. ಪೌಲನ ಹೆಸರಿನಲ್ಲಿ ಉಳಿದುಬಂದಿರುವ ಪತ್ರಿಕೆಗಳಲ್ಲೆಲ್ಲ ಇದೇ ಚಿಕ್ಕದು. ದೇವರ ಸ್ವರೂಪ, ಮೋಕ್ಷದ ಮಾರ್ಗ, ಲೋಕದ ಅಂತ್ಯ ಇವಾವುದರ ಜಿಜ್ಞಾಸೆಯೂ ಇಲ್ಲಿಲ್ಲ. ಒಬ್ಬ ಯಜಮಾನನು ತನ್ನ ಆಳೊಬ್ಬನನ್ನು ಯಾವ ರೀತಿಯಿಂದ ಮನೆಯೊಳಕ್ಕೆ ಕರೆದುಕೊಳ್ಳಬೇಕೆಂಬುದಷ್ಟೇ ವಿಷಯ. ಇಷ್ಟು ಅಲ್ಪ ಸಂಗತಿಯ ಕಾಗದಕ್ಕೆ ಧರ್ಮಗ್ರಂಥದಲ್ಲಿ ಸ್ಥಾನವೇಕೆಂದು ಕೇಳುವವರು ೪ನೆಯ ಶತಮಾನದಲ್ಲಿಯೇ ಇದ್ದರು; ಜಾನ್ ಕ್ರಿಸೊಸ್ತೊಮನಂಥ ವಾಗ್ಮಿಯು ಅವರಿಗೆ ಸಮಾಧಾನ ಹೇಳಬೇಕಾಯಿತು.

ಆದರೆ ಮಾತಿನಿಂದ ಮನಸ್ಸನ್ನು ತಿರುಗಿಸುವ ಕಲೆಯನ್ನು ನೋಡಬೇಕೆನ್ನುವವರಿಗೆ ಹೊಸ ಒಡಂಬಡಿಕೆಯಲ್ಲಿ ಇದಕ್ಕಿಂತ ಸಣ್ಣ, ಇದಕ್ಕಿಂತ ತುಂಬಿದ ಪಾತ್ರೆ ದೊರೆಯುವುದು ಕಷ್ಟ. ಆ ಕಲೆಯ ಶಕ್ತಿಯೂ ಇಲ್ಲಿದೆ, ಅದರ ಮಿತಿಯೂ ಇಲ್ಲಿದೆ.

ಕಾಲದ ಕಟ್ಟಳೆ

ಅಂದಿನ ರೋಮ್ ಸಾಮ್ರಾಜ್ಯದಲ್ಲಿ ಗುಲಾಮನು ಕಾನೂನಿನ ಕಣ್ಣಿಗೆ ಒಂದು ಸೊತ್ತು. ಅರಿಸ್ಟಾಟಲನು ಅವನನ್ನು ಜೀವವುಳ್ಳ ಉಪಕರಣವೆಂದು ಎಣಿಸಿದ್ದನು. ಕೃಷಿಯನ್ನು ಕುರಿತು ಬರೆದ ರೋಮನ್ ಪಂಡಿತ ವಾರೋವಿನ ಗ್ರಂಥದಲ್ಲಿ ಬೇಸಾಯದ ಸಲಕರಣೆಗಳ ವಿಂಗಡಣೆಯೊಂದು ಬರುತ್ತದೆ: ಮೂಕ ಸಲಕರಣೆ ಬಂಡಿ, ಅರೆಮಾತಿನ ಸಲಕರಣೆ ಎತ್ತು, ಮಾತನಾಡುವ ಸಲಕರಣೆ ಗುಲಾಮ. ಓಡಿಹೋಗಿ ಸಿಕ್ಕಿಬಿದ್ದವನ ಹಣೆಗೆ ಬರೆ ಹಾಕುವುದುಂಟು; ಯಜಮಾನನ ಕೋಪ ಇನ್ನೂ ಮುಂದೆ ಹೋದರೆ ಕೇಳುವವರಿಲ್ಲ.

ಈ ಕಾಗದವನ್ನು ಬರೆದ ಕಾಲವನ್ನು ವಿದ್ವಾಂಸರು ಕ್ರಿ.ಶ. ೫೫ರಿಂದ ೬೨ರವರೆಗಿನ ಅವಧಿಯಲ್ಲಿ ಇಡುತ್ತಾರೆ. ಅದೇ ಸುಮಾರಿನಲ್ಲಿ, ೬೧ರಲ್ಲಿ, ರೋಮ್ ನಗರದ ಅಧಿಕಾರಿ ಪೆದಾನಿಯಸ್ ಸೆಕುಂದಸನನ್ನು ಅವನ ಗುಲಾಮನೊಬ್ಬನು ಕೊಂದನು. ಯಜಮಾನನು ಆಳಿನ ಕೈಯಿಂದ ಸತ್ತರೆ ಆ ಸೂರಿನಡಿಯ ಗುಲಾಮರೆಲ್ಲರನ್ನೂ ಕೊಲ್ಲಬೇಕೆಂಬುದು ಹಳೆಯ ಕಟ್ಟಳೆ. ಆ ಮನೆಯಲ್ಲಿದ್ದವರು ೪೦೦ ಮಂದಿ, ಹೆಂಗಸರು ಮಕ್ಕಳು ಸೇರಿದಂತೆ. ಊರಿನ ಜನರು ಪ್ರತಿಭಟಿಸಿದರು. ಹಿರಿಯರ ಸಭೆಯಲ್ಲಿ ವಾದ ನಡೆಯಿತು. ಕೊನೆಗೆ ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ೪೦೦ ಮಂದಿಯನ್ನೂ ವಧಾಸ್ಥಾನಕ್ಕೆ ಕಳುಹಿಸಿದನು. ಇತಿಹಾಸಕಾರ ತಾಸಿತಸನು ಈ ಘಟನೆಯನ್ನು ದಾಖಲೆ ಮಾಡಿದ್ದಾನೆ.

ಇಂಥ ಲೋಕದಲ್ಲಿ ಒನೇಸಿಮನು ಯಜಮಾನನ ಮನೆಯಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದನು. ಅವನು ಕೊಲೊಸ್ಸೆ ಊರಿನವನೆಂದು ಬೈಬಲಿನ ಮತ್ತೊಂದು ಪತ್ರಿಕೆಯಿಂದ ತಿಳಿದುಬರುತ್ತದೆ. ಆ ಊರಿನ ದಿಬ್ಬ ಈಗಿನ ತುರ್ಕಿ ದೇಶದಲ್ಲಿ ಹೊನಾಜ್ ಪಟ್ಟಣದ ಹತ್ತಿರ ಇದೆ. ಅವನು ಕದ್ದು ಓಡಿಬಂದನೆಂಬ ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಆದರೆ ಕಾಗದದಲ್ಲಿ ಕಳವಿನ ಮಾತೂ ಇಲ್ಲ, ಓಡಿದ ಮಾತೂ ಇಲ್ಲ. ಯಜಮಾನನ ಕೋಪಕ್ಕೆ ಹೆದರಿದ ಗುಲಾಮನು ಯಜಮಾನನ ಸ್ನೇಹಿತನೊಬ್ಬನಲ್ಲಿಗೆ ಮಧ್ಯಸ್ಥಿಕೆಗಾಗಿ ಹೋದರೆ ಅವನನ್ನು ಪರಾರಿಯೆಂದು ಎಣಿಸಬಾರದೆಂದು ರೋಮನ್ ನ್ಯಾಯಶಾಸ್ತ್ರಜ್ಞರೇ ಹೇಳಿದ್ದುಂಟು. ಒನೇಸಿಮನೂ ಹಾಗೆಯೇ ಬಂದಿರಬೇಕೆಂದು ಈಚಿನ ಹಲವು ವಿದ್ವಾಂಸರ ಅಭಿಪ್ರಾಯ. ಹೇಗೇ ಬಂದಿರಲಿ, ಪೌಲನ ಸಹವಾಸದಲ್ಲಿ ಅವನು ಕ್ರೈಸ್ತನಾದನು. ಈಗ ಅವನು ಹಿಂದಿರುಗಬೇಕು. ಅವನಿಗೂ ಯಜಮಾನನ ಕೋಪಕ್ಕೂ ನಡುವೆ ಇರುವುದು ಒಂದು ಹಾಳೆ ಕಾಗದ.

ನೀನು, ನೀವು

ಪೌಲನು ಮೊದಲ ಸಾಲಿನಲ್ಲಿಯೇ ತನ್ನನ್ನು ಸೆರೆಯಾಳೆಂದು ಪರಿಚಯಿಸಿಕೊಳ್ಳುತ್ತಾನೆ. ಬೇರೆ ಪತ್ರಿಕೆಗಳಲ್ಲಿ ಅವನು ಸಾಮಾನ್ಯವಾಗಿ ಹೇಳಿಕೊಳ್ಳುವ ಅಪೊಸ್ತಲನೆಂಬ ಬಿರುದು ಇಲ್ಲಿ ಕಾಣುವುದಿಲ್ಲ. ಗುಲಾಮನ ಪರವಾಗಿ ಮಾತನಾಡುವವನು ಎತ್ತರದ ಪೀಠದಿಂದ ಇಳಿದು ತಾನೂ ಬೇಡಿ ತೊಟ್ಟವನೆಂದು ತೋರಿಸಿಕೊಳ್ಳುತ್ತಾನೆ. ಈ ಸಣ್ಣ ಕಾಗದದಲ್ಲಿ ಸೆರೆಯ ಮತ್ತು ಸಂಕೋಲೆಯ ಪ್ರಸ್ತಾಪ ಐದು ಸಾರಿ ಬರುತ್ತದೆ.

ಎರಡನೆಯದಾಗಿ ಕಾಗದದ ವಿಳಾಸವನ್ನು ಗಮನಿಸಬೇಕು. ಅದು ಫಿಲೆಮೋನನೊಬ್ಬನಿಗೆ ಬರೆದದ್ದಲ್ಲ. ಅಪ್ಫಿಯಳೆಂಬ ಸ್ತ್ರೀಗೆ, ಅರ್ಖಿಪ್ಪನಿಗೆ, ಆ ಮನೆಯಲ್ಲಿ ಕೂಡುವ ಭಕ್ತರ ಸಭೆಗೆ ಸಹ ಅದು ಸೇರಿದ್ದು. ಇಂಥ ಪತ್ರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವುದು ಅಂದಿನ ವಾಡಿಕೆ. ಆರಂಭದ ಮತ್ತು ಅಂತ್ಯದ ಹರಕೆಗಳಲ್ಲಿ 'ನೀವು' ಎಂಬ ಬಹುವಚನ. ನಡುವಿನ ಅರಿಕೆಯೆಲ್ಲ 'ನೀನು' ಎಂಬ ಏಕವಚನ. ಅಂದರೆ ಕಾಗದ ಓದುವಾಗ ಪೌಲನ ಕಣ್ಣು ಫಿಲೆಮೋನನೊಬ್ಬನ ಮೇಲೆ, ಊರವರ ಕಣ್ಣು ಇಬ್ಬರ ಮೇಲೆ. ಮನೆಯ ಯಜಮಾನನು ಬಂದ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುವಂತಿಲ್ಲ.

ಆಮೇಲೆ ಹೊಗಳಿಕೆ. ಫಿಲೆಮೋನನ ಪ್ರೀತಿಯಿಂದ ಎಷ್ಟೋ ಜನರ ಕರುಳು ತಣಿದಿದೆ ಎಂಬ ಅರ್ಥದ ಮಾತಿನಿಂದ ಪೌಲನು ಪೀಠಿಕೆ ಹಾಕುತ್ತಾನೆ. ಇಲ್ಲಿ ಬಳಸಿದ ಗ್ರೀಕ್ ಶಬ್ದ 'ಸ್ಪ್ಲಾಂಖ್ನ'. ಅದಕ್ಕೆ ನೇರವಾದ ಅರ್ಥ ಹೊಟ್ಟೆಯೊಳಗಿನ ಅಂಗಗಳು, ಲಕ್ಷ್ಯಾರ್ಥ ಮಮತೆ. ಇಂಗ್ಲಿಷಿನವರು ಹೃದಯವೆಂದು ಹೇಳಿ ಹೊಂದಿಸಿಕೊಳ್ಳಬೇಕಾದ ಈ ಮಾತಿಗೆ ಕನ್ನಡದಲ್ಲಿ 'ಕರುಳು' ಎಂಬ ಹೇಳಿಮಾಡಿಸಿದ ಶಬ್ದವುಂಟು. ಈ ಶಬ್ದವನ್ನು ಪೌಲನು ಮೂರು ಸಾರಿ ಬಳಸುತ್ತಾನೆ, ಮೂರು ಸಾರಿಯೂ ಲೆಕ್ಕವಿಟ್ಟು. ಮೊದಲು, ಫಿಲೆಮೋನನು ಭಕ್ತರ ಕರುಳನ್ನು ತಣಿಸಿದವನು. ನಡುವೆ, ಹಿಂದಿರುಗಿ ಬರುತ್ತಿರುವ ಒನೇಸಿಮನು ಪೌಲನ ಸ್ವಂತ ಕರುಳು. ಕೊನೆಗೆ, ಪೌಲನ ಕರುಳನ್ನೂ ಒಮ್ಮೆ ತಣಿಸಬೇಕೆಂಬ ಬೇಡಿಕೆ. ಮೂರನ್ನೂ ಜೋಡಿಸಿದರೆ ಫಿಲೆಮೋನನು ತಾನು ಈಗಾಗಲೇ ಪಡೆದ ಕೀರ್ತಿಯಿಂದಲೇ ಬಂಧಿತನಾಗುತ್ತಾನೆ. ಯಾರಾರನ್ನೋ ತಣಿಸಿದವನು ತನ್ನ ಗುರುವಿನ ಕರುಳನ್ನು ಸುಡುವುದೆಂತು?

ಹೆಸರಿನ ಶ್ಲೇಷೆ, ಸಾಲದ ಭಾಷೆ

ಇಷ್ಟಾದರೂ ವಿಷಯದ ಪ್ರಸ್ತಾಪವಿಲ್ಲ. ಕಾಗದದ ಮೂರರಲ್ಲೊಂದು ಭಾಗ ಕಳೆಯುವವರೆಗೆ ಒನೇಸಿಮನ ಹೆಸರೇ ಬರುವುದಿಲ್ಲ. ಆಜ್ಞೆ ಮಾಡುವ ಧೈರ್ಯ ತನಗಿದ್ದರೂ ಪ್ರೀತಿಯ ನಿಮಿತ್ತ ಬೇಡಿಕೊಳ್ಳುವುದನ್ನೇ ಆರಿಸಿಕೊಂಡಿದ್ದೇನೆ ಎಂದು ಪೌಲನು ಹೇಳುತ್ತಾನೆ. ತಾನು ಮುದುಕನೆಂದೂ ಸೆರೆಯಾಳೆಂದೂ ಮತ್ತೆ ನೆನಪು ಮಾಡುತ್ತಾನೆ. ತನ್ನ ಮಗನಿಗಾಗಿ ಬೇಡುತ್ತೇನೆನ್ನುತ್ತಾನೆ, ಬೇಡಿಗಳ ನಡುವೆ ಹುಟ್ಟಿದ ಮಗನೆನ್ನುತ್ತಾನೆ. ಎಲ್ಲ ಆದಮೇಲೆ ಆ ವಾಕ್ಯದ ತುದಿಯಲ್ಲಿ ಗುಲಾಮನ ಹೆಸರನ್ನು ಇಡುತ್ತಾನೆ. ಹೆಸರು ಕೇಳಿ ಯಜಮಾನನ ಹುಬ್ಬು ಗಂಟಿಕ್ಕುವುದರೊಳಗೆ ಆ ಹೆಸರಿನವನು ಪೌಲನ ಮಗನಾಗಿಬಿಟ್ಟಿದ್ದಾನೆ.

ಮರುಕ್ಷಣದಲ್ಲಿ ಒಂದು ನಗೆಚಾಟಿಕೆ. ಗ್ರೀಕಿನಲ್ಲಿ 'ಒನೇಸಿಮ' ಎಂದರೆ ಉಪಯೋಗಿ. ಗುಲಾಮರಿಗೆ ಆ ಕಾಲದಲ್ಲಿ ಸಾಮಾನ್ಯವಾಗಿ ಇಡುತ್ತಿದ್ದ ಹೆಸರು. ಉಪಯೋಗಿ ಎಂಬವನು ಹಿಂದೆ ನಿನಗೆ ನಿರುಪಯೋಗಿಯಾಗಿದ್ದನು, ಈಗಲಾದರೋ ನಮ್ಮಿಬ್ಬರಿಗೂ ಉಪಯೋಗಿಯಾಗಿದ್ದಾನೆ ಎಂಬ ಭಾವದ ಶ್ಲೇಷೆಯನ್ನು ಪೌಲನು ಹೂಡುತ್ತಾನೆ. ಅದಕ್ಕಾಗಿ ಆರಿಸಿದ ಶಬ್ದಗಳು ಗ್ರೀಕ್ ಕಿವಿಗೆ 'ಕ್ರಿಸ್ತ' ಎಂಬ ನುಡಿಯನ್ನೂ ಹೋಲುತ್ತವೆ. ಕೋಪಿಸಿಕೊಂಡವನನ್ನು ಒಂದು ಗಳಿಗೆ ನಗಿಸಿದರೆ ಅರ್ಧ ಕೆಲಸ ಆದಂತೆಯೇ.

ಆಮೇಲೆ ಕ್ರಿಯಾಪದದ ಜಾಣತನ. ಒನೇಸಿಮನು ಹೋದನೆಂದಾಗಲಿ ಬಿಟ್ಟನೆಂದಾಗಲಿ ಪೌಲನು ಹೇಳುವುದಿಲ್ಲ. ಅವನು ಸ್ವಲ್ಪ ಹೊತ್ತು ಅಗಲಿಸಲ್ಪಟ್ಟನು ಎಂಬ ಕರ್ಮಣಿ ಪ್ರಯೋಗ ಮಾಡುತ್ತಾನೆ, ಅದಕ್ಕೂ 'ಬಹುಶಃ' ಎಂದು ಸೇರಿಸುತ್ತಾನೆ. ಅಗಲಿಸಿದವರು ಯಾರೆಂಬುದನ್ನು ಕೇಳುವವನ ಭಕ್ತಿಯೇ ಊಹಿಸಿಕೊಳ್ಳಬೇಕು. ಸ್ವಲ್ಪ ಹೊತ್ತಿನ ಅಗಲಿಕೆ ಶಾಶ್ವತವಾದ ಕೂಡುವಿಕೆಗಾಗಿ. ಕೂಡುವುದಾದರೂ ಇನ್ನು ಗುಲಾಮನೆಂದಲ್ಲ, ಗುಲಾಮನಿಗಿಂತ ಮೇಲಾದ ಪ್ರಿಯ ಸಹೋದರನೆಂದು. ಈ ಸಹೋದರತ್ವವು ಪೂಜೆಯ ಹೊತ್ತಿಗೆ ಮಾತ್ರ ಸಲ್ಲುವಂಥದಲ್ಲ, ಲೌಕಿಕದಲ್ಲಿಯೂ ಸಲ್ಲತಕ್ಕದ್ದೆಂದು ಪೌಲನು ಸ್ಪಷ್ಟವಾಗಿಯೇ ನುಡಿಯುತ್ತಾನೆ.

ಮುಂದೆ ಭಾಷೆ ಇದ್ದಕ್ಕಿದ್ದಂತೆ ಅಂಗಡಿಯ ಲೆಕ್ಕಪುಸ್ತಕದ ಭಾಷೆಯಾಗುತ್ತದೆ. ಪಾಲುಗಾರನೆಂದು ನನ್ನನ್ನು ಭಾವಿಸುವುದಾದರೆ ನನ್ನನ್ನು ಬರಮಾಡಿಕೊಳ್ಳುವಂತೆಯೇ ಅವನನ್ನು ಬರಮಾಡಿಕೋ. ಅವನಿಂದ ನಷ್ಟವೇನಾದರೂ ಆಗಿದ್ದರೆ, ಬಾಕಿಯಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಚ್ಚು ಎನ್ನುತ್ತಾನೆ. ಲಿಪಿಕಾರನ ಕೈಯಿಂದ ಲೇಖನಿ ತೆಗೆದುಕೊಂಡವನಂತೆ, ತಾನೇ ಸ್ವಹಸ್ತದಿಂದ ಬರೆದು ತೀರಿಸುವೆನೆಂದು ಮುಚ್ಚಳಿಕೆ ಕೊಡುತ್ತಾನೆ. ಸೆರೆಯಲ್ಲಿರುವ ಮುದುಕ ಬರೆದುಕೊಟ್ಟ ಸಾಲಪತ್ರ! ಅದರ ಬೆನ್ನಿಗೇ, ಫಿಲೆಮೋನನೇ ತನಗೆ ಋಣಿಯಾಗಿರುವ ಸಂಗತಿಯನ್ನು ಮಾತ್ರ ತಾನು ಎತ್ತುವುದಿಲ್ಲವೆಂದು ಹೇಳಿ, ಎತ್ತಿಯೇ ಬಿಡುತ್ತಾನೆ. ಆಡುವುದಿಲ್ಲವೆನ್ನುತ್ತಲೇ ಆಡುವ ಈ ಯುಕ್ತಿಗೆ ಗ್ರೀಕ್ ಮತ್ತು ರೋಮನ್ ಅಲಂಕಾರಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಉಂಟು. ಕಡೆಗೆ ಮನೆಯವರಿಗೆ ಒಂದು ಸಣ್ಣ ಕೆಲಸ: ತನಗಾಗಿ ಒಂದು ಕೊಠಡಿಯನ್ನು ಸಿದ್ಧಪಡಿಸಿಡಬೇಕು, ಬಿಡುಗಡೆಯಾಗಿ ಬರುವ ಭರವಸೆಯಿದೆ. ಬರುವ ಅತಿಥಿಯು ಒನೇಸಿಮನು ಹೇಗಿದ್ದಾನೆಂದು ಕಣ್ಣಾರೆ ನೋಡದೆ ಹೋಗುವನೆ?

ಇನ್ನೊಂದು ಕಾಗದ

ಪೌಲನ ಮುಂದಿನ ತಲೆಮಾರಿನ ರೋಮನ್ ಗಣ್ಯನಾದ ಕಿರಿಯ ಪ್ಲೀನಿಯು ಸಬಿನಿಯಾನನೆಂಬ ಸ್ನೇಹಿತನಿಗೆ ಇಂಥದೇ ಕಾಗದವೊಂದನ್ನು ಬರೆದಿದ್ದಾನೆ. ಸಬಿನಿಯಾನನ ಕೋಪಕ್ಕೆ ಗುರಿಯಾದ ಅವನ ಹಳೆಯ ಗುಲಾಮನೊಬ್ಬ, ಆ ವೇಳೆಗೆ ಬಿಡುಗಡೆ ಪಡೆದವನು, ಪ್ಲೀನಿಯ ಕಾಲಿಗೆ ಬಿದ್ದಿದ್ದನು. ಅವನು ಅತ್ತನು, ಪಶ್ಚಾತ್ತಾಪ ಪಟ್ಟನು, ಅವನಿಗೆ ಚೆನ್ನಾಗಿ ಬಯ್ದಿದ್ದೇನೆ, ವಯಸ್ಸನ್ನೂ ಕಣ್ಣೀರನ್ನೂ ನೋಡಿ ಕ್ಷಮಿಸು ಎಂಬುದು ಅದರ ತಾತ್ಪರ್ಯ. ಕಾಗದ ಫಲಿಸಿತು, ಸಬಿನಿಯಾನನು ಅವನನ್ನು ಮನೆಗೆ ಸೇರಿಸಿಕೊಂಡನು, ಪ್ಲೀನಿಯು ಮತ್ತೊಂದು ಕಾಗದದಲ್ಲಿ ಮೆಚ್ಚಿಕೆಯನ್ನು ತಿಳಿಸಿದನು.

ಎರಡೂ ದಯೆಯ ಕಾಗದಗಳೇ. ಆದರೂ ಅವುಗಳ ದಾರಿ ಬೇರೆ. ಪ್ಲೀನಿಯು ಮೇಲಿನವನು ಕೆಳಗಿನವನ ಮೇಲೆ ಕರುಣೆ ತೋರಬೇಕೆಂದು ಕೇಳುತ್ತಾನೆ. ಕರುಣೆ ತೋರಿದ ಮೇಲೂ ಮೇಲಿನವನು ಮೇಲೆಯೇ, ಕೆಳಗಿನವನು ಕೆಳಗೆಯೇ. ಪೌಲನ ಕಾಗದದಲ್ಲಿ ಒನೇಸಿಮನು ಅತ್ತನೆಂಬುದಿಲ್ಲ, ಕಾಲಿಗೆ ಬಿದ್ದನೆಂಬುದಿಲ್ಲ, ತಪ್ಪೊಪ್ಪಿಕೊಂಡನೆಂಬುದೂ ಇಲ್ಲ. ಬದಲಾಗಬೇಕಾದವನು ಫಿಲೆಮೋನ. ಬದಲಾಗಬೇಕಾದದ್ದು ಅವನ ಕೋಪವಷ್ಟೇ ಅಲ್ಲ, ಎದುರಿಗೆ ನಿಂತವನು ತನಗೆ ಏನಾಗಬೇಕೆಂಬ ನಂಟಿನ ಹೆಸರು.

ಒಳಿತೆಂಬುದು ಬಲವಂತದಿಂದಾಗದೆ ಸ್ವಂತ ಇಚ್ಛೆಯಿಂದ ಆಗಬೇಕೆಂದೇ ತಾನು ನಿನ್ನ ಒಪ್ಪಿಗೆಯಿಲ್ಲದೆ ಅವನನ್ನು ಇಟ್ಟುಕೊಳ್ಳಲಿಲ್ಲವೆಂದು ಪೌಲನು ಹೇಳಿರುವುದು ಈ ಪತ್ರಿಕೆಯ ತಿರುಳು. ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ಸಭೆಯೆಲ್ಲ ಕೇಳುತ್ತಿರುವಾಗ, ಗುರುವಿನ ಋಣವನ್ನು ನೆನಪಿಸಿ, ಬಂದು ನೋಡುತ್ತೇನೆಂದೂ ತಿಳಿಸಿದ ಮೇಲೆ ಫಿಲೆಮೋನನ ಇಚ್ಛೆಗೆ ಎಷ್ಟು ಎಡೆ ಉಳಿಯಿತು? ಆಜ್ಞೆಯಲ್ಲವೆಂದು ತೊಡಗಿದ ಪೌಲನೇ ಕೊನೆಯ ಭಾಗದಲ್ಲಿ ವಿಧೇಯತೆ ಎಂಬ ಶಬ್ದವನ್ನು ಬಳಸುತ್ತಾನಲ್ಲ? ಕಾಗದದಲ್ಲಿ ಒತ್ತಡವಿಲ್ಲವೆನ್ನುವುದು ಸರಿಯಾಗದು. ಆದರೆ ಒತ್ತಡದಲ್ಲಿಯೂ ಎರಡು ಬಗೆ. ಒಂದು, ಮನುಷ್ಯನ ಭಯವನ್ನು ಹಿಡಿದು ಜಗ್ಗುವಂಥದು. ಇನ್ನೊಂದು, ಅವನು ತಾನೇ ಒಪ್ಪಿಕೊಂಡ ಒಳ್ಳೆಯತನವನ್ನು ಅವನ ಮುಂದೆ ಕನ್ನಡಿಯಾಗಿ ಹಿಡಿಯುವಂಥದು. ಪೌಲನದು ಎರಡನೆಯ ಬಗೆ. ಫಿಲೆಮೋನನು ಇಲ್ಲವೆನ್ನಬಹುದಾಗಿತ್ತು, ಕಾನೂನು ಅವನ ಕಡೆಗೇ ಇತ್ತು. ಇಲ್ಲವೆಂದರೆ ಸೋಲುತ್ತಿದ್ದುದು ಪೌಲನಲ್ಲ, ಫಿಲೆಮೋನನ ಬಗೆಗೆ ಊರು ಇಟ್ಟುಕೊಂಡಿದ್ದ ಭಾವನೆ.

ಹೇಳದೆ ಬಿಟ್ಟ ಮಾತು

ಇಷ್ಟು ಜಾಣತನದ, ಇಷ್ಟು ಮಮತೆಯ ಕಾಗದದಲ್ಲಿ ಒಂದು ಮಾತು ಇಲ್ಲ. ಒನೇಸಿಮನಿಗೆ ಬಿಡುಗಡೆ ಕೊಡು ಎಂದು ಪೌಲನು ಬಾಯಿಬಿಟ್ಟು ಹೇಳಿಲ್ಲ. ನಾನು ಹೇಳಿದ್ದಕ್ಕಿಂತ ಹೆಚ್ಚನ್ನೇ ನೀನು ಮಾಡುವೆ ಎಂಬ ಅರ್ಥ ಬರುವಂತೆ ಸೂಚಿಸಿ ನಿಲ್ಲಿಸಿದ್ದಾನೆ. ಆ ಹೆಚ್ಚು ಎಂಬುದು ಏನು? ಓದುವವನು ತುಂಬಿಕೊಳ್ಳಲೆಂದು ಬಿಟ್ಟ ಆ ಖಾಲಿ ಜಾಗವನ್ನು ಮುಂದಿನ ಶತಮಾನಗಳು ತಮತಮಗೆ ಬೇಕಾದಂತೆ ತುಂಬಿಕೊಂಡವು. ಕಾಗದದ ಸಮರ್ಥನೆಗೆ ನಿಂತ ಕ್ರಿಸೊಸ್ತೊಮನೇ, ಗುಲಾಮರನ್ನು ಯಜಮಾನರ ಸೇವೆಯಿಂದ ಬಿಡಿಸಿ ಕರೆದೊಯ್ಯಬಾರದೆಂಬುದು ಇದರ ಪಾಠಗಳಲ್ಲೊಂದು ಎಂದನು.

ಇದರ ಕಟುಫಲ ಕಂಡದ್ದು ಅಮೆರಿಕದಲ್ಲಿ. ಪೌಲನು ಗುಲಾಮನನ್ನು ಯಜಮಾನನಿಗೆ ಹಿಂದಿರುಗಿಸಿದನಲ್ಲವೆ, ಆದುದರಿಂದ ಓಡಿಬಂದವರನ್ನು ಹಿಂದಿರುಗಿಸುವುದು ಧರ್ಮಸಮ್ಮತವೆಂದು ಅಲ್ಲಿನ ಗುಲಾಮಗಿರಿಯ ಪಕ್ಷಪಾತಿಗಳು ವಾದಿಸಿದರು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾನೂನು ೧೮೫೦ರಲ್ಲಿ ಬಂದಾಗ ಬೈಬಲ್ ಪಂಡಿತ ಮೋಸೆಸ್ ಸ್ಟುವರ್ಟ್ ಕೂಡ ಈ ಪತ್ರಿಕೆಯನ್ನು ಆಧಾರವಾಗಿ ಎತ್ತಿಕೊಂಡನು. ಇದಿರು ಪಕ್ಷದವರು, ಇನ್ನು ಗುಲಾಮನೆಂದಲ್ಲ ಎಂಬ ಮಾತನ್ನು ಯಾಕೆ ಓದದೆ ಹಾರಿಸುತ್ತೀರಿ ಎಂದು ಅದೇ ಪುಟವನ್ನು ತೆರೆದು ತೋರಿಸಿದರು.

ಈ ವಾದವಿವಾದಗಳೆಲ್ಲ ಓದುಬಲ್ಲವರ ನಡುವೆ ನಡೆದವು. ಒನೇಸಿಮನ ಸ್ಥಿತಿಯಲ್ಲಿಯೇ ಇದ್ದವರು ಏನೆಂದರು? ಅದಕ್ಕೂ ಒಂದು ಸಾಕ್ಷ್ಯ ಉಳಿದಿದೆ. ಜಾರ್ಜಿಯ ಸಂಸ್ಥಾನದಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಪಾದ್ರಿಯಿದ್ದನು. ತಾನೂ ಗುಲಾಮರ ಒಡೆಯ. ಅವನು ೧೮೩೩ರಲ್ಲಿ ಗುಲಾಮರ ದೊಡ್ಡ ಸಭೆಯೊಂದರಲ್ಲಿ ಈ ಪತ್ರಿಕೆಯನ್ನು ಹಿಡಿದು, ಯಜಮಾನನಿಗೆ ವಿಧೇಯರಾಗಿರಬೇಕು, ಓಡಿಹೋಗುವುದು ಪಾಪವೆಂದು ಬೋಧಿಸಿದನು. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಬೈಬಲಿನಲ್ಲಿ ಇಂಥ ಪತ್ರಿಕೆಯೇ ಇಲ್ಲವೆಂದು ಕೆಲವರು, ಇದ್ದರೂ ಇದು ಸುವಾರ್ತೆಯಲ್ಲವೆಂದು ಕೆಲವರು, ಇನ್ನು ಇವನ ಉಪದೇಶ ಕೇಳಲು ಬರುವುದಿಲ್ಲವೆಂದು ಕೆಲವರು. ಇದನ್ನು ಬರೆದಿಟ್ಟವನು ಸ್ವತಃ ಜೋನ್ಸನೇ. ಆ ಪ್ರದೇಶದ ಹೆಸರು ಲಿಬರ್ಟಿ ಕೌಂಟಿ. ಕನ್ನಡದಲ್ಲಿ ಹೇಳುವುದಾದರೆ ಸ್ವಾತಂತ್ರ್ಯ ಜಿಲ್ಲೆ! ಆ ಜನರಲ್ಲಿ ಬಹುಮಂದಿಗೆ ಓದಲು ಬಾರದು. ಆದರೂ ಪಾದ್ರಿಯು ಮಾಡಿದ ಅರ್ಥ ಪೌಲನ ಕಾಗದದ ಅರ್ಥವಲ್ಲವೆಂಬುದನ್ನು ಎದ್ದುಹೋದವರು ಪಂಡಿತರಿಗಿಂತ ಚೆನ್ನಾಗಿ ಅರಿತಿದ್ದರೆನ್ನಬೇಕು. ಅವರ ಮಕ್ಕಳಿಗೆ ಬಿಡುಗಡೆ ಬಂದದ್ದು ಅರಿಕೆಯಿಂದಲ್ಲ. ಘೋರವಾದ ಅಂತರ್ಯುದ್ಧದ ತರುವಾಯ, ೧೮೬೫ರ ಸಂವಿಧಾನ ತಿದ್ದುಪಡಿಯಿಂದ.

ಹಾಗಾದರೆ ಪೌಲನ ಅರಿಕೆ ವ್ಯರ್ಥವಾಯಿತೆ? ಹಾಗೆ ಹೇಳಲಾಗದು. ಕಾಗದವು ಉಳಿದುಬಂದಿರುವುದೇ ಒಂದು ಉತ್ತರ. ಕೋಪದಿಂದ ಹರಿದೆಸೆದ ಕಾಗದವನ್ನು ಯಾರೂ ನಕಲು ಮಾಡಿಡುವುದಿಲ್ಲ. ೨ನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸನು ಎಫೆಸ ನಗರದ ಸಭೆಗೆ ಬರೆದ ಕಾಗದದಲ್ಲಿ ಅಲ್ಲಿನ ಬಿಷಪನ ಹೆಸರು ಬರುತ್ತದೆ. ಆ ಹೆಸರು ಒನೇಸಿಮ. ಅವನು ಈ ಒನೇಸಿಮನೇ ಎಂದು ನಂಬುವವರುಂಟು. ಹೆಸರು ಸಾಮಾನ್ಯವಾದ್ದರಿಂದ ಒಪ್ಪದವರೂ ಉಂಟು.

ಅರಿಕೆಗೆ ಆಜ್ಞೆಯಿಂದಾಗದ ಒಂದು ಕೆಲಸ ಸಾಧ್ಯ. ಆಜ್ಞೆಯು ಕೈಯನ್ನು ತಡೆಯುತ್ತದೆ; ಮನಸ್ಸನ್ನು ತಿರುಗಿಸುವುದು ಅರಿಕೆ. ಸೇವಕನನ್ನು ಸಹೋದರನೆಂದು ಕರೆಯೆಂದು ಯಾವ ಕಾನೂನೂ ಹೇಳಲಾರದು. ಆದರೆ ಅರಿಕೆಯನ್ನೇ ನಂಬಿ ಕುಳಿತರೆ ದುರ್ಬಲನ ಬದುಕು ಬಲಿಷ್ಠನ ಒಳ್ಳೆಯತನದ ದಾರದಲ್ಲಿ ತೂಗಾಡುತ್ತದೆ. ಒಬ್ಬ ಫಿಲೆಮೋನನು ಕರಗಿಯಾನು. ಎಲ್ಲ ಯಜಮಾನರೂ ಫಿಲೆಮೋನರಲ್ಲ, ಎಲ್ಲ ಗುಲಾಮರಿಗೂ ಪೌಲನಂಥ ಬರೆದುಕೊಡುವವನು ಸಿಕ್ಕುವುದಿಲ್ಲ. ಮನಸ್ಸು ತಿರುಗುವವರೆಗೆ ಮೈ ಕಾಯುವುದಕ್ಕೆ ಕಾನೂನು ಬೇಕು. ಕಾನೂನು ಬಂದಮೇಲೆ ಮನೆಯ ಬಾಗಿಲು ತೆರೆದು ಒಳಗೆ ಕರೆಯುವುದಕ್ಕೆ ಇಂಥ ಕಾಗದವೂ ಬೇಕು.

ಆ ೩೩೫ ಪದಗಳಲ್ಲಿ ಒನೇಸಿಮನು ಆಡಿದ ಮಾತು ಒಂದೂ ಇಲ್ಲ. ಅವನ ಸಲುವಾಗಿ ಪೌಲನು ಮಾತನಾಡಿದ್ದಾನೆ, ಅವನ ವಿಷಯವಾಗಿ ಫಿಲೆಮೋನನು ತೀರ್ಮಾನಿಸಿದ್ದಾನೆ, ಅವನ ಹೆಸರಿನಲ್ಲಿ ಪಂಡಿತರು ಜಗಳಾಡಿದ್ದಾರೆ. ಅಷ್ಟು ದೂರದ ದಾರಿಯನ್ನು ನಡೆದು, ಹಿಂದೆ ತನ್ನನ್ನು ಆಳಿದ ಮನೆಯ ಬಾಗಿಲನ್ನು ಮತ್ತೆ ತಟ್ಟಿದ ಧೈರ್ಯ ಮಾತ್ರ ಅವನದು. ಪತ್ರಿಕೆಯನ್ನು ಓದುವವರು ಬರೆದವನ ವಾಕ್ಚಾತುರ್ಯವನ್ನು ಮೆಚ್ಚುವುದರ ಜೊತೆಗೆ ಆ ಬಾಗಿಲಲ್ಲಿ ನಿಂತವನನ್ನೂ ಒಮ್ಮೆ ನೆನೆಯಬೇಕು.